ಕೊನೆಯ ಬಕೆಟ್ಟಿನ ನೀರು

ಭಾಗ್ಯನಗರದ ನಮ್ಮ ಓಣಿಯಲ್ಲಿ ಯಾರ ಮನೆಗೆ ಗೀಜರ್ ಬರಲಿ, ಸೋಲಾರ್ ಬರಲಿ, ಎದುರು ಮನೆಯ ದೊಡ್ಡವ್ವ ನೋಡಲು ಹೋಗುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿಸಿನೀರಿನ ಬಕೆಟ್ಟಿಗೆ ಮೊಣಕೈ ಅದ್ದಿ, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಕಡೀಕ ಜಳಕ ಮಾಡಾಕಿ ಯಾರು?”

ನಮ್ಮ ಮನೆಯಲ್ಲಿ ಅದು ನಾನು, ಹೊಸ ಸೊಸೆ. ಒಬ್ಬೊಬ್ಬರು ನೀರು ತೋಡಿಕೊಂಡಂತೆ ಕಟ್ಟಿಗೆ ಒಲೆಯ ಮೇಲಿನ ಹಂಡೆಗೆ ತಣ್ಣೀರು ಸುರಿಯುತ್ತಿದ್ದೆವು. ನನ್ನ ಸರದಿ ಬರುವಷ್ಟರಲ್ಲಿ ಒಲೆಯೂ ಆರಿರುತ್ತಿತ್ತು.

ಒಂದು ಚಳಿಗಾಲ ಮಾವನವರು ದೊಡ್ಡವ್ವನೆದುರು ಲೆಕ್ಕ ಒಪ್ಪಿಸಿದರು. “ಸೋಲಾರಿಗೆ ಒಮ್ಮಿಗೇ ರೊಕ್ಕ ಸುರೀಬೇಕು, ಗೀಜರಿಗೆ ತಿಂಗಳಾ ಬಿಲ್ಲು. ಹತ್ತಿ ಕಟಗಿ ಹೊಲದಾಗ ಪುಕ್ಕಟ ಸಿಗತಾವ.”

“ಖರೇ ಐತಿ ಅಣ್ಣಾರ. ನಾಳಿ ನೀವು ಕಡೀಕ ಜಳಕ ಮಾಡ್ರಿ. ಆಮ್ಯಾಲ ಯಾವುದು ಸೋವಿ ಹೇಳ್ರಿ.”

“ನನಗ ಪರೀಕ್ಷಾ ಇಡತೀಯೇನವಾ?”

“ಪಾಸಾದ್ರ ಹಂಡೆ ಇರಲಿ ತಗೋರಿ.”

ಮರುದಿನ ಮಾವನವರು ಹಟಕ್ಕೆ ಎಲ್ಲರಿಗಿಂತ ಕೊನೆಗೆ ಸ್ನಾನಕ್ಕೆ ಹೋದರು. ನಡುಗುತ್ತ ಹೊರಬಂದಾಗ ದೊಡ್ಡವ್ವ ನಮ್ಮ ಕಟ್ಟೆಯ ಮೇಲೆ ಚುನಾವಣೆ ಗೆದ್ದವರಂತೆ ಕೂತಿದ್ದರು. ನನಗೆ ಹಾಗೆ ನೆನಪು; ಅವರ ಬಗೆಗಿನ ನನ್ನ ಹೆಮ್ಮೆಯೇ ಅವರನ್ನು ಅಲ್ಲಿ ಕೂರಿಸಿದ್ದರೂ ಕೂರಿಸಿರಬಹುದು. ಮಾವನವರು ಸೋಲಾರ್ ಅಂಗಡಿಗೆ ಫೋನ್ ಮಾಡಿದ್ದು ಮಾತ್ರ ನಿಜ.

“ಐದು ಮಂದಿ ಅದೀವ್ರಿ. ದೊಡ್ಡ ಟಾಕಿ ಹಾಕ್ರಿ. ಐದನೇದಾಕಿಗೂ ಸುಡು ಸುಡು ನೀರು ಬರಬೇಕು.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಜೋರಾಯಿತು.