ಮುಸುರಿ ಮಿಷನ್ನಿನ ಹೊಟ್ಟೆನೋವು

ನಾನು ಭೌತಶಾಸ್ತ್ರ ಕಲಿಸುವ ಮಾಸ್ತರ. ಹುಮನಾಬಾದಿನ ಕಾಲೇಜಿನಲ್ಲಿ ಒತ್ತಡ, ಘರ್ಷಣೆ, ವಿದ್ಯುತ್ ಪ್ರವಾಹಗಳ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಹೊರಗೆ ಇದಕ್ಕೆ ಸಾಕಷ್ಟು ಮರ್ಯಾದೆಯುಂಟು. ಮನೆಯಲ್ಲಿ ಮಾತ್ರ ಫ್ಯೂಸ್ ಹೋದಾಗ ನನ್ನ ಹೆಂಡತಿ ಮಾಡುವ ಮೊದಲ ಕೆಲಸ ನನ್ನನ್ನು ಪಡಸಾಲೆಯಲ್ಲಿ ಕೂರಿಸುವುದು. ಎರಡನೆಯದು ಎಲೆಕ್ಟ್ರಿಷಿಯನ್ನನಿಗೆ ಹೇಳಿಕಳಿಸುವುದು. ನಾನೊಮ್ಮೆ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಲು ಹೋಗಿ ಇಡೀ ಓಣಿಯ ದೀಪ ಆರಿಸಿದ ಮೇಲೆ ಬಂದ ಪದ್ಧತಿ ಇದು. ನಾನು ತಕರಾರು ಮಾಡಿಲ್ಲ.

ಇಂಥ ನನ್ನ ಮನೆಗೆ ಪಾತ್ರೆ ತೊಳೆಯುವ ಮಿಷನ್ನು ಬಂದದ್ದು ಸುವರ್ಣಾಳ ಕೈಗಳಿಂದಾಗಿ. ಸುವರ್ಣಾ ಎಂದರೆ ನನ್ನ ಹೆಂಡತಿ, ಬಸವಕಲ್ಯಾಣದ ಮಗಳು. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಪಾತ್ರೆ ತಿಕ್ಕುವ ಸೋಪಿನ ಪುಡಿ ಅವಳ ಚರ್ಮಕ್ಕೆ ಆಗಿಬರದೆ ಎರಡೂ ಅಂಗೈ ಬಿರುಕುಬಿಟ್ಟವು. ಮೊದಲಿನಂತೆ ಬೂದಿಯಲ್ಲಿ ತಿಕ್ಕೋಣವೆಂದರೆ ಗ್ಯಾಸ್ ಬಂದ ಮನೆಯಲ್ಲಿ ಬೂದಿ ಎಲ್ಲಿಯದು? ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳು ಗಂಡನ ಜೊತೆ ಹಳ್ಳಿಖೇಡದ ಕಡೆ ಕಬ್ಬು ಕಡಿಯಲು ಹೋಗಿದ್ದಳು. ಡಾಕ್ಟರು ಅಂಗೈ ನೋಡಿ ಒಂದೇ ಮಾತು ಹೇಳಿದರು: "ಮುಸುರಿ ತಿಕ್ಕೋದು ಬಿಡ್ರಿ, ಇಲ್ಲಾಂದ್ರ ರೊಟ್ಟಿ ಬಡಿಯೋದು ಬಿಡ್ರಿ. ಎರಡೂ ಈ ಕೈಲಿಂದ ಆಗಂಗಿಲ್ಲ."

ಉಂಡ ಎಂಜಲು ಪಾತ್ರೆಗಳಿಗೆ ನಮ್ಮ ಕಡೆ ಮುಸುರಿ ಎನ್ನುತ್ತಾರೆ. ರೊಟ್ಟಿಯ ಬಗ್ಗೆ ಹೇಳಬೇಕಿಲ್ಲ. ಕುದಿನೀರಿನಲ್ಲಿ ನಾದಿದ ಜೋಳದ ಹಿಟ್ಟನ್ನು ಬಿಸಿ ಇರುವಾಗಲೇ ಅಂಗೈಯಲ್ಲಿ ಬಡಿಯಬೇಕು. ಬಿರುಕಿಗೆ ಆ ಬಿಸಿ ತಾಗಿದಾಗ ಸುವರ್ಣಾ ಬಡಿಯುವ ಸಪ್ಪಳ ಒಂದು ಗಳಿಗೆ ನಿಲ್ಲುತ್ತಿತ್ತು. ಅದು ನಿಂತಾಗಲೆಲ್ಲ ಪಡಸಾಲೆಯಲ್ಲಿ ನಾನು ಕೈಯ ತುತ್ತನ್ನು ತಟ್ಟೆಗೆ ಇಳಿಸುತ್ತಿದ್ದೆ.

ಹೀಗಾಗಿ ಮುಸುರಿಯ ಪಾಳಿ ನನಗೆ ಬಂತು. ಘರ್ಷಣೆಯ ನಿಯಮಗಳೆಲ್ಲ ಬಾಯಿಪಾಠವಿದ್ದರೂ ತಳ ಹಿಡಿದ ಬೇಳೆಯ ಪಾತೇಲಿಯ ಮುಂದೆ ಅವು ಉಪಯೋಗಕ್ಕೆ ಬರಲಿಲ್ಲ. ಅವ್ವ ಹೊಸ್ತಿಲ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದಳು. "ತಮ್ಮಾ, ಪಾತೇಲಿ ತಿಕ್ಕಾಕತ್ತೀಯೋ, ಅದಕ್ಕ ಮುದ್ದು ಮಾಡಾಕತ್ತೀಯೋ?" ಎಂದಳು. ಎಂಟು ದಿನ ಮುದ್ದು ಮಾಡಿದೆ. ಒಂಬತ್ತನೆಯ ದಿನ ಸುವರ್ಣಾಳ ಅಣ್ಣ ಹೈದರಾಬಾದಿನಿಂದ ವರ್ಗವಾಗಿ ಹೋಗುವಾಗ ತಮ್ಮ ಡಿಶ್‌ವಾಷರನ್ನು ನಮ್ಮ ಮನೆಗೆ ಕಳಿಸಿಕೊಟ್ಟರು. ಆ ದಿನ ನಾನು ಅವರನ್ನು ನೆನೆದಷ್ಟು ದೇವರನ್ನೂ ನೆನೆಯಲಿಲ್ಲ.

ಈ ಮಿಷನ್ನನ್ನು ಮೊದಲು ಕೆಲಸಕ್ಕೆ ಬರುವಂತೆ ಮಾಡಿದವಳು ಅಮೆರಿಕದ ಒಬ್ಬ ಶ್ರೀಮಂತ ಹೆಣ್ಣುಮಗಳಂತೆ. ಆಳುಗಳು ತೊಳೆಯುವಾಗ ಅವಳ ಪಿಂಗಾಣಿ ತಟ್ಟೆಗಳ ಅಂಚು ಒಡೆಯುತ್ತಿತ್ತಂತೆ. ನಮ್ಮ ಸ್ಟೀಲ್ ತಟ್ಟೆಗಳಿಗೆ ಆ ಚಿಂತೆಯಿಲ್ಲ. ಅವು ಬಿದ್ದರೆ ನೆಲದ ಫರಸಿಯೇ ಒಡೆಯಬೇಕು. ಅಕ್ಕಪಕ್ಕದವರು ಬಂದು ಅದರ ಬಾಗಿಲು ತೆರೆದು, ಬಗ್ಗಿ ನೋಡಿ, ಮುಚ್ಚಿ ಹೋದರು. ಅವ್ವ ಮಾತ್ರ ತನ್ನ ತಟ್ಟೆಯನ್ನು ಅದರೊಳಗೆ ಇಡಲು ಒಪ್ಪಲಿಲ್ಲ.

ಅವಳ ತಟ್ಟೆಯ ಸಂಗತಿಯೇ ಬೇರೆ. ಊಟ ಮುಗಿದ ಮೇಲೆ ತಟ್ಟೆಗೆ ನಾಲ್ಕು ಗುಟುಕು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿದುಬಿಡುತ್ತಾಳೆ. ಉಂಡದ್ದು ಪ್ರಸಾದ, ಒಂದು ಅಗಳೂ ಕೆಡಬಾರದು ಎನ್ನುವುದು ನಮ್ಮ ಹಿರಿಯರ ರೂಢಿ. ಚಿಕ್ಕವನಿದ್ದಾಗ ನಾನೂ ಹಾಗೆಯೇ ಮಾಡುತ್ತಿದ್ದೆ. ಹಾಸ್ಟೆಲ್ಲಿಗೆ ಹೋದಾಗ ಗೆಳೆಯರು ನಕ್ಕರು, ಬಿಟ್ಟೆ. ಅದರ ಬದಲಿಗೆ ತಟ್ಟೆಯಲ್ಲಿ ಒಂದಿಷ್ಟು ಉಳಿಸಿ ಏಳುವ ಸಭ್ಯತೆ ಕಲಿತೆ. ರೊಟ್ಟಿಯ ಗಟ್ಟಿ ಅಂಚು ಬದಿಗೆ, ಒಗ್ಗರಣೆಯ ಮೆಣಸಿನಕಾಯಿ ಬದಿಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಾದರೆ ಎಳ್ಳನ್ನೂ ಉದುರಿಸಿ ಬದಿಗೆ, ಏಕೆಂದರೆ ಅದು ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ವಿದ್ಯಾವಂತನ ತಟ್ಟೆ ನೋಡಿದರೇ ಗೊತ್ತಾಗಬೇಕಲ್ಲ.

ಮಿಷನ್ನು ಎರಡು ತಿಂಗಳು ನಿಯತ್ತಿನಿಂದ ದುಡಿಯಿತು. ಸುವರ್ಣಾಳ ಅಂಗೈ ಮಾಗತೊಡಗಿತು. ಅಷ್ಟರಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ದುಬಲಗುಂಡಿಯ ಗೆಳೆಯನ ಹೊಲದಲ್ಲಿ ಕಾಳು-ತರಕಾರಿಯ ಭಜ್ಜಿ, ಅಂಬಲಿ ಉಂಡು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ದೊಡ್ಡ ಗಂಟು ಹೊತ್ತು ಬಂದೆವು. ಒಂದು ವಾರ ಅದೇ ಊಟ. ಆ ವಾರದಲ್ಲೇ ಮಿಷನ್ನಿಗೆ ಕಾಯಿಲೆ ಬಂತು. ಒಳಗೆ ಹೋದ ಪಾತ್ರೆ ಕೊಳೆ ಹಾಗೆಯೇ ಇದ್ದು, ಬರಿ ಬೆಚ್ಚಗಾಗಿ ಹೊರಬರುತ್ತಿತ್ತು. ಕೆಲವು ಲೋಟಗಳು ಮೈಮೇಲೆ ಎಳ್ಳು ಅಂಟಿ, ಈಗಷ್ಟೇ ಕಟ್ಟಿದ ಎಳ್ಳುಂಡೆಯಂತೆ ಕಾಣುತ್ತಿದ್ದವು.

ಪಡಸಾಲೆಯಲ್ಲಿ ಕೂರುವ ಪದ್ಧತಿಯನ್ನು ಮುರಿದು ನಾನು ಎದ್ದೆ. ಮಿಷನ್ನಿನ ಪುಸ್ತಕದಲ್ಲಿ ರೋಗ ಪತ್ತೆ ಮಾಡುವ ಪಟ್ಟಿಯಿತ್ತು. ಮೊದಲ ಪ್ರಶ್ನೆ: ಪ್ಲಗ್ ಹಾಕಿದ್ದೀರಾ? ಇದು ಭೌತಶಾಸ್ತ್ರದ ಮಾಸ್ತರನಿಗೆ ಕೇಳುವ ಪ್ರಶ್ನೆಯೇ ಎಂದು ಸಿಟ್ಟಾದೆ. ಆಮೇಲೆ ಯಾರೂ ಇಲ್ಲದಾಗ ಹೋಗಿ ನೋಡಿ ಬಂದೆ, ಹಾಕಿತ್ತು. ಎರಡನೆಯದು: ನೀರು ಬರುತ್ತಿದೆಯೇ? ಬರುತ್ತಿತ್ತು. ಮೂರನೆಯದು: ತಳದ ಜಾಲರಿ ತನ್ನ ಜಾಗದಲ್ಲಿದೆಯೇ? ಕಾಲೇಜಿನಲ್ಲಿ ನಾನು ಪ್ರತಿ ಲೆಕ್ಕವನ್ನೂ ಶುರುಮಾಡುವುದು "ಎಂದು ಇಟ್ಟುಕೊಳ್ಳೋಣ" ಎಂಬ ಮಾತಿನಿಂದ. ಜಾಲರಿ ತನ್ನ ಜಾಗದಲ್ಲಿದೆ ಎಂದು ಇಟ್ಟುಕೊಂಡು ಮುಂದಿನ ಪ್ರಶ್ನೆಗೆ ಹೋದೆ.

ನಮ್ಮೂರ ಬೋರಿನ ಗಡಸು ನೀರೇ ಕಾರಣವೆಂದು ತೀರ್ಮಾನಿಸಿ ನಿಂಬೆರಸ ಸುರಿದೆ. ಆಗಲಿಲ್ಲ. ಸೋಪು ಸಾಲುತ್ತಿಲ್ಲವೆಂದು ಎರಡರಷ್ಟು ಹಾಕಿದೆ. ನೊರೆ ಬಾಗಿಲ ಸಂದಿಯಿಂದ ಹೊರಬಂದು, ಅಡುಗೆಮನೆ ದಾಟಿ, ಅವ್ವ ಕೂತ ಹೊಸ್ತಿಲವರೆಗೂ ಹೋಗಿ ಅವಳನ್ನು ಮಾತಾಡಿಸಿತು. ಅವ್ವ ಕಾಲೆತ್ತಿಕೊಂಡು ಕೂತಳು.

ಮರುದಿನ ಕಾಲೇಜಿನಿಂದ ಬೇಗ ಬಂದಾಗ ಹಿತ್ತಲಲ್ಲಿ ಸುವರ್ಣಾ ನಲ್ಲಿಯ ಮುಂದೆ ಪಾತ್ರೆ ತಿಕ್ಕುತ್ತ ಕೂತಿದ್ದಳು. ನನ್ನನ್ನು ಕಂಡು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ನಾಲ್ಕೇ ಭಾಂಡಿ ಇದ್ವು, ಬಿಡ್ರಿ," ಎಂದಳು. ಸೆರಗಿಗೆ ಸಣ್ಣಗೆ ರಕ್ತ ಹತ್ತಿತ್ತು. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಅಂಗಿಯನ್ನೂ ಬದಲಿಸದೆ ರಿಪೇರಿಯವನನ್ನು ಕರೆತರಲು ಬಸವಕಲ್ಯಾಣದ ಬಸ್ಸು ಹತ್ತಿದೆ.

ಕಲ್ಯಾಣದ ಕೋಟೆಯ ಹತ್ತಿರ ಮಾಳಪ್ಪನ ಅಂಗಡಿ. ಅವನು ಹುಲಸೂರ ಕಡೆಯ ಕುರಿ ಕಾಯುವ ಮನೆತನದವನು. ಹೈದರಾಬಾದಿನ ದೊಡ್ಡ ಹೋಟೆಲುಗಳಲ್ಲಿ ಇಂಥ ಮಿಷನ್ನುಗಳ ಕೆಲಸ ಕಲಿತು, ಊರ ಕಡೆ ಬಂದು ಸುಟ್ಟ ಮೋಟರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುತ್ತಿದ್ದ. ಮುಂದಿನ ಬಸ್ಸಿಗೇ ನನ್ನ ಜೊತೆ ಬಂದ. ಬಂದವನೇ ಮಿಷನ್ನು ಓಡಿಸಿ, ಅದರ ಪಕ್ಕೆಗೆ ಕಿವಿಯಿಟ್ಟು ಆಲಿಸಿದ. "ಕುರಿಗಿ ಹೊಟ್ಟಿ ಉಬ್ಬಿದಂಗ ಆಗ್ಯಾದರಿ ಸರ್," ಎಂದು ಬಾಗಿಲು ತೆರೆದು, ನೀರು ಚಿಮ್ಮುವ ರೆಕ್ಕೆಯನ್ನು ತಿರುವಿ ಕೈಗೆ ತೆಗೆದುಕೊಂಡ. ಅದರಲ್ಲಿ ಸಾಲಾಗಿ ಸಣ್ಣ ತೂತುಗಳು. ಸುವರ್ಣಾಳಿಂದ ಸೂಜಿ ಕೇಳಿ ಪಡೆದು ಒಂದೊಂದನ್ನೇ ಚುಚ್ಚಿದ. ಒಂದೊಂದು ತೂತಿನಿಂದಲೂ ಒಂದೆರಡು ಎಳ್ಳು ಹೊರಬಿದ್ದವು. ಅಳತೆ ಕೊಟ್ಟು ಮಾಡಿಸಿದರೂ ಅವು ತೂತಿನಲ್ಲಿ ಅಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ.

"ಎಳ್ಳು ಇಲ್ಲೀತನ ಹ್ಯಾಂಗ ಬಂತ್ರಿ? ತಳದಾಗಿನ ಜಾಳಿ ಎಲ್ಲಿ ಅದರಿ?" ಎಂದ ಮಾಳಪ್ಪ.

ನಾನು ಇದೆ ಎಂದು ಇಟ್ಟುಕೊಂಡಿದ್ದ ಜಾಲರಿ ಅಲ್ಲಿರಲಿಲ್ಲ. ನಾನು ಸುವರ್ಣಾಳ ಮುಖ ನೋಡಿದೆ, ಅವಳು ನನ್ನದು ನೋಡಿದಳು. ಅವ್ವ ಎದ್ದು ಮಾಳಿಗೆಗೆ ಹೋಗಿ, ಮೆಲ್ಲಗೆ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಜಾಲರಿ.

"ಎಳ್ಳಮಾಸಿ ಮರುದಿನ ನೋಡಿದ್ನೆಪ್ಪಾ. ಇದ್ರಾಗ ಅನ್ನದ ಅಗಳು, ರೊಟ್ಟಿ ಚೂರು ಎಲ್ಲಾ ಕೂತಿದ್ವು. ಅನ್ನ ಬಚ್ಚಲಕ್ಕ ಹೋಗಬಾರ್ದು. ಮಾಳಗಿ ಮ್ಯಾಲ ಇಟ್ಟೆ, ಗುಬ್ಬಿ ಬಂದು ತಿಂದ್ವು. ಅವಕ್ಕ ರೂಢಿ ಆತು, ಅಲ್ಲೇ ಬಿಟ್ಟೆ," ಎಂದಳು. ಧ್ವನಿ ಸಣ್ಣದಾಗಿತ್ತು. "ಮಿಷನ್ ಕೆಟ್ಟದ್ದು ನನ್ನಿಂದೇನೋ ತಮ್ಮಾ? ಪಾಪ, ಆಕಿ ಕೈ..."

ನಾನು ಬಾಯಿ ತೆರೆಯುವುದರೊಳಗೆ ಮಾಳಪ್ಪನೇ ಹೇಳಿದ: "ಇಲ್ಲ ಯವ್ವಾ. ನೀ ಮಾಡಿದ್ದು ಬರೋಬರ್ ಅದ. ತಟ್ಟಿ ಖಾಲಿ ಇದ್ರ ಜಾಳ್ಯಾಗ ಏನ್ ಕೂಡತಾದ? ಹೈದರಾಬಾದಿನಾಗೂ ನಾ ಎಲ್ಲರಿಗಿ ಇದೇ ಹೇಳ್ತಿದ್ದೆ. ಮಿಷನ್ ತಟ್ಟಿ ತೊಳೀತದ, ಎಂಜಲ ಉಣ್ಣಂಗಿಲ್ಲ." ಆಮೇಲೆ ಅಂಗೈ ಮೇಲಿನ ಎಳ್ಳಿನ ರಾಶಿಯನ್ನು ತೋರಿಸಿ ಸಹಜವಾಗಿ ಕೇಳಿದ: "ಮನ್ಯಾಗ ಎಳ್ಳು ಬಿಡೋರು ಯಾರರಿ?"

ಅವ್ವನ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಸುವರ್ಣಾಳಿಗೆ ಎಳ್ಳೆಂದರೆ ಪ್ರಾಣ. ಮನೆಯಲ್ಲಿರುವುದೇ ನಾವು ಮೂವರು. ನನ್ನ ಹಲ್ಲಿನ ಸಂದಿಗೆ ಹೆದರಿ ನಾನು ಬದಿಗಿಟ್ಟ ಎಳ್ಳು ಹೋಗಿ ಹೋಗಿ ನನ್ನ ಹೆಂಡತಿಯ ಅಂಗೈಯನ್ನು ಸೀಳಿತ್ತು. ನಾನು ಗೋಡೆಯ ಕಡೆ ತಿರುಗಿ ಕ್ಯಾಲೆಂಡರಿನಲ್ಲಿ ತಿಥಿ ನೋಡತೊಡಗಿದೆ. ಸುವರ್ಣಾ ಮೊದಲು ನಕ್ಕಳು. ಆಮೇಲೆ ಅವ್ವ. ವಿಷಯ ಪೂರ್ತಿ ತಿಳಿಯದಿದ್ದರೂ ಮಾಳಪ್ಪನೂ ನಕ್ಕ.

ಜಾಲರಿ ತನ್ನ ಜಾಗಕ್ಕೆ ಹೋಯಿತು. ಗುಬ್ಬಿಗಳಿಗೆ ಹಳೆಯ ಅಲ್ಯೂಮಿನಿಯಂ ತಾಟೊಂದು ಮಂಜೂರಾಗಿ, ಅವ್ವನೇ ದಿನಾ ಅದಕ್ಕೆ ಕಾಳು ಹಾಕತೊಡಗಿದಳು. ಅವತ್ತಿನ ಊಟದಲ್ಲಿ ನಾನು ರೊಟ್ಟಿಯನ್ನು ಅಂಚು, ಎಳ್ಳು ಸಮೇತ ತಿಂದೆ. ಕೊನೆಗೆ ತಟ್ಟೆಗೆ ನಾಲ್ಕು ಗುಟುಕು ನೀರು ಹಾಕಿ, ಬೆರಳಾಡಿಸಿ, ಕುಡಿದೆ. ಹಾಸ್ಟೆಲ್ಲಿಗೆ ಹೋದ ಮೇಲೆ ಅದೇ ಮೊದಲು. ಅವ್ವ ನೋಡಿಯೂ ನೋಡದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಎದ್ದು, ಫಳಫಳ ಹೊಳೆಯುವ ತನ್ನ ತಟ್ಟೆಯನ್ನು ತಾನೇ ತಂದು ಮಿಷನ್ನಿನೊಳಗೆ ಇಟ್ಟಳು.

"ಅದು ತೊಳದದ್ದೇ ಅದಲ್ರಿ ಅತ್ತೀ?" ಎಂದಳು ಸುವರ್ಣಾ.

"ಇರ್ಲಿ ಬಿಡವ್ವಾ. ಅದರ ಕಾಯಕ ಅದೂ ಮಾಡ್ಲಿ," ಎಂದಳು ಅವ್ವ.

ಈಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಡುವೆ ನಿಲ್ಲುವುದಿಲ್ಲ. ಫ್ಯೂಸ್ ಹೋದರೆ ನನ್ನನ್ನು ಈಗಲೂ ಪಡಸಾಲೆಯಲ್ಲೇ ಕೂರಿಸುತ್ತಾರೆ. ಆದರೆ ಮುಸುರಿ ಮಿಷನ್ನಿನ ದೇಖರೇಖಿ ಮಾತ್ರ ಪೂರ್ತಿ ನನ್ನದು. ಅದನ್ನು ನಾನು ದಿನಕ್ಕೆ ಎರಡು ಹೊತ್ತು, ಊಟಕ್ಕೆ ಕೂತಲ್ಲಿಂದ ಏಳದೆಯೇ, ತಟ್ಟೆಯಲ್ಲಿ ಒಂದು ಎಳ್ಳೂ ಉಳಿಸದೆ ಮಾಡುತ್ತೇನೆ.