ಸೆರಗಿನ ನಕ್ಷೆ ಸಿಗದ ಪ್ರೋಗ್ರಾಂ

ಪರದೆಯ ಎಡ ಮೂಲೆಯಲ್ಲಿ ಕಪ್ಪು ಕಿಟಕಿಯೊಂದು ತೆರೆದು, ಅದರೊಳಗಿನ ಒಂದು ಸಾಲು ಬಿಳಿ ಅಕ್ಷರವನ್ನು ನಾನು ಓದುವ ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಹನ್ನೊಂದು ಸಲ ಒತ್ತಿ ನೋಡಿದೆ.

ಶಿಗ್ಲಿಯ ನನ್ನ ಚಿಕ್ಕಮ್ಮನಿಗೆ ಇರುವುದು ಒಂದೇ ಮಗ್ಗ. ಸೆರಗಿನ ಯಾವ ಸಾಲಿನಲ್ಲಿ ಯಾವ ಎಳೆ ಏಳಬೇಕೆಂಬುದನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಮಗ್ಗಕ್ಕೆ ತಿಳಿಸಬೇಕು. ನಕ್ಷೆ ನೋಡಿ ಆ ತೂತುಗಳ ಪಟ್ಟಿ ತೆಗೆಯಲು ಕಂಪ್ಯೂಟರಿಗೆ ಕೊಡುವ ಆದೇಶಗಳ ಸ್ಕ್ರಿಪ್ಟ್ ಒಂದನ್ನು ನಾನು ಬರೆದಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಸರಾಗವಾಗಿ ಓಡುತ್ತಿತ್ತು. ಆದರೆ ಚಿಕ್ಕಮ್ಮನಿಗೆ ಸೀರೆ ನೇಯಲು ಹೇಳಿದ್ದ ಶಿರಹಟ್ಟಿಯ ಮದುವೆ ಮನೆಯವರು ನಕ್ಷೆಯಲ್ಲಿ ದಿನಕ್ಕೊಂದು ಬದಲಾವಣೆ ಹೇಳುತ್ತಿದ್ದರು. ಗದಗಿನಲ್ಲಿ ಕೆಲಸಕ್ಕಿರುವ ನನಗೆ ಪ್ರತಿಸಲ ಬರಲಾಗುತ್ತಿರಲಿಲ್ಲ. ಅದಕ್ಕೇ ಸ್ಕ್ರಿಪ್ಟನ್ನು ಎರಡು ಸಲ ಒತ್ತಿದರೆ ಸಾಕೆನ್ನುವಂಥ ಪ್ರೋಗ್ರಾಂ ಮಾಡಿ, ಓಣಿಯ ನಾಲ್ಕು ನೇಕಾರರ ಮನೆಗಳು ಸೇರಿ ಕೊಂಡ ಕಂಪ್ಯೂಟರಿಗೆ ಹಾಕಿದ್ದೆ. ಸೋಮವಾರ ಮದುವೆ ಮನೆಯವರು ಬರುವಷ್ಟರಲ್ಲಿ ಗೇಣುದ್ದ ಸೆರಗೂ ನೇಯ್ದಿರದಿದ್ದರೆ ಸೀರೆ ಬೇರೆ ಮಗ್ಗಕ್ಕೆ ಹೋಗುತ್ತಿತ್ತು. ಅಂದು ಶನಿವಾರ.

ಕಿಟಕಿಯನ್ನು ಫೋನಿನಲ್ಲಿ ವಿಡಿಯೊ ತೆಗೆದು, ನಿಲ್ಲಿಸಿ ಓದಿದೆ. ಫೈಲ್ ಸಿಗುತ್ತಿಲ್ಲ. ಹುಡುಕಿದರೆ ನಕ್ಷೆಯ ಫೈಲು ನಿಜಕ್ಕೂ ಇರಲಿಲ್ಲ.

"ನಾನ ತಗದೇನಿ," ಎಂದಳು ಚಿಕ್ಕಮ್ಮ. "ಪೆನ್‌ಡ್ರೈವಿನ್ಯಾಗ ಹಾಕಿ ಟ್ರಂಕಿನ್ಯಾಗ ಇಟ್ಟೇನಿ. ನಾಕ ಮನಿಯವರು ಕುಂಡ್ರೂ ಮಷಿನ್ನಿನ್ಯಾಗ ನಕ್ಷಿ ಯಾರ ಬಿಡ್ತಾರ?"

ಸೀರೆ ಗಿರಾಕಿಯ ಕೈ ಸೇರುವವರೆಗೆ ಈ ಓಣಿಯಲ್ಲಿ ಯಾರೂ ಯಾರಿಗೂ ನಕ್ಷೆ ತೋರಿಸುವುದಿಲ್ಲ. ಅದು ನನಗೆ ಗೊತ್ತಿತ್ತು. ಸ್ಕ್ರಿಪ್ಟ್ ಬರೆಯುವಾಗ ಹೊಳೆದಿರಲಿಲ್ಲ.

ಪೆನ್‌ಡ್ರೈವ್ ಹಾಕಿಸಿ, ಫೈಲಿರುವ ಜಾಗ ತಿದ್ದಿ, ಪ್ರೋಗ್ರಾಮನ್ನು ಮತ್ತೆ ಕಟ್ಟಿದೆ. ಕಿಟಕಿ ಮತ್ತೆ ಮುಚ್ಚಿಕೊಂಡಿತು. ಪ್ರೋಗ್ರಾಂ ನಕ್ಷೆಯನ್ನು ಪೆನ್‌ಡ್ರೈವಿನಲ್ಲಿ ನೋಡದೆ ತನ್ನೊಳಗೇ ಹುಡುಕುತ್ತಿತ್ತು. ಏಕೆಂದು ನನಗೆ ಕೊನೆಗೂ ತಿಳಿಯಲಿಲ್ಲ.

ಕಂಪ್ಯೂಟರಿನಲ್ಲಿ ಪಾಲಿದ್ದ ಪಕ್ಕದ ಮನೆಯ ನೇಕಾರ ಬಾಗಿಲಿಗೆ ಬಂದು ನಿಂತು ನನ್ನನ್ನು ಕೇಳಿದ. "ಏನವ್ವಾ, ತೂತ ಹೊಡಿಯಾಕ ನಿನ್ನ ಎಂ.ಎಸ್ಸಿ. ಸಾಲವಲ್ದೇನು?"

ಚಿಕ್ಕಮ್ಮ ಪರದೆಗೆ ಬೆನ್ನು ಕೊಟ್ಟು ನಿಂತಳು. "ನಿನ್ನ ಲಾಳಿ ನಿಂತೈತಿ, ಹೋಗೋ ಮಾರಾಯಾ."

ಮಧ್ಯಾಹ್ನದ ಹೊತ್ತಿಗೆ ನಕ್ಷೆಯನ್ನೂ ಪ್ರೋಗ್ರಾಮಿನೊಳಗೇ ಸೇರಿಸಿ ಕಟ್ಟಿದೆ. ಓಡಿತು. ಪಟ್ಟಿ ಪೂರ್ತಿ ಬಂತು.

"ನಾ ಇಲ್ದಾಗ ಬಾಜೂ ಮನ್ಯಾಂವ ಒತ್ತಿದ್ರ?" ಎಂದು ಚಿಕ್ಕಮ್ಮ ಮೆಲ್ಲಗೆ ಕೇಳಿದಳು.

"ಅವರಿಗೂ ಪಟ್ಟಿ ಬರ್ತದ."

"ಹಂಗಾರ ತಗದ ಬಿಡು."

ಪ್ರೋಗ್ರಾಮನ್ನೇ ಆ ಕಂಪ್ಯೂಟರಿನಿಂದ ತೆಗೆದೆ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು, ಚಹಾ ತಂದಿಟ್ಟಳು.

ಮರುದಿನ ಬೆಳಿಗ್ಗೆ ನನ್ನ ಬರಹಗಳನ್ನೂ ಫೋಟೊಗಳನ್ನೂ ಲ್ಯಾಪ್‌ಟಾಪಿನಿಂದ ಒಂದೊಂದಾಗಿ ಅಳಿಸಿದೆ. ಪಾಸ್‌ವರ್ಡನ್ನು ಚಿಕ್ಕಮ್ಮನಿಗೆ ಮೂರು ಸಲ ಹೇಳಿಕೊಟ್ಟು, ಸ್ಕ್ರಿಪ್ಟ್ ಓಡುವ ಆ ಲ್ಯಾಪ್‌ಟಾಪನ್ನು ಅವಳ ಮನೆಯಲ್ಲೇ ಬಿಟ್ಟು, ಗದಗಿಗೆ ಮರಳಲು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.