ಅಧ್ಯಕ್ಷರ ಒಂದು ಮತ

ಅವರ ಮೂಗಿನ ಎರಡೂ ಪಕ್ಕಗಳಲ್ಲಿ ಕನ್ನಡಕ ಒತ್ತಿ ಒತ್ತಿ ಆದ ಕೆಂಪು ಗುಳಿಗಳಿದ್ದವು. ಆ ಗುಳಿಗಳ ಪರಿಚಯ ನಮಗೆಲ್ಲ ಚೆನ್ನಾಗಿ ಇದ್ದುದಕ್ಕೆ ಕಾರಣವಿತ್ತು. ಎದುರಿಗಿದ್ದವರು ಮಾತಿಗೆ ತೊಡಗಿದರೆ ಸಾಕು, ಅವರು ಕನ್ನಡಕ ತೆಗೆದು, ಮಡಿಸಿ, ಕೋಟಿನ ಜೇಬಿಗೆ ಇಳಿಸಿಬಿಡುತ್ತಿದ್ದರು. ಗಾಜುಗಳು ಸೋಡಾ ಬಾಟಲಿಯ ತಳದಷ್ಟು ದಪ್ಪ. ಅವಿಲ್ಲದೆ ಒಂದು ಮಾರು ದೂರದ ಮುಖವೂ ಅವರಿಗೆ ಕಾಣುತ್ತಿರಲಿಲ್ಲ. ಮೊದಮೊದಲು ನಾನು ಅದನ್ನು ಉದಾಸೀನವೆಂದು ತಿಳಿದೆ. ಒಂದು ದಿನ ಧೈರ್ಯ ಮಾಡಿ ಕೇಳಿದಾಗ ಹೇಳಿದರು:

"ಯಾರು ಮಾತಾಡ್ಲಿಕ್ಕತ್ತಾರ ಅನ್ನೂದು ಕಂಡ್ರ, ಏನು ಮಾತಾಡ್ಲಿಕ್ಕತ್ತಾರ ಅನ್ನೂದು ಕೇಳಸೂದಿಲ್ಲ, ತಂಗಿ."

ಅವರು ಬೊಂಬಾಯಿಯ ಫೋರ್ಟಿನ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರು. ಧಾರವಾಡದ ಕಡೆಯವರು, ಎರಡನೇ ಮಹಾಯುದ್ಧಕ್ಕೆ ಮುಂಚೆ ಲಂಡನ್ನಿನಲ್ಲಿ ಓದಿ ಬಂದಿದ್ದರು. ದಾದರಿನಲ್ಲಿ ನಮ್ಮ ಚಾಳಿನ ಹಿಂದಿನ ಬಿಲ್ಡಿಂಗಿನಲ್ಲೇ ಮನೆ. ಸ್ಟೇಷನ್ನಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿದ್ದ ನಮ್ಮ ಕನ್ನಡ ಸಂಘಕ್ಕೆ ಅವರೇ ಅಧ್ಯಕ್ಷರು.

ತರಗತಿಯಲ್ಲಿ ಅವರು ಅತ್ಯಂತ ಆಸ್ಥೆಯಿಂದ ಮಾಡುತ್ತಿದ್ದ ಪಾಠ ಸ್ಪೀಕರ್ ಎಂಬ ಪದವಿಯದು. ಇಂಗ್ಲೆಂಡಿನಲ್ಲಿ ಆ ಕುರ್ಚಿಗೆ ಏರಿದವನು ಅಂದೇ ತನ್ನ ಪಕ್ಷವನ್ನು ಬಿಡುತ್ತಾನೆ. ಹಳೆಯ ಸಂಗಡಿಗರೊಡನೆ ಕೂತು ಊಟ ಮಾಡುವುದನ್ನೂ ಬಿಡುತ್ತಾನೆ. ಚರ್ಚೆಯಲ್ಲಿ ಬಾಯಿ ಹಾಕುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧ: ಅಲ್ಲಿ ಸ್ಪೀಕರನೇ ಬಹುಮತದ ಪಕ್ಷದ ಮುಂದಾಳು, ತನ್ನವರ ಕೆಲಸ ಮಾಡಿಸುವುದಕ್ಕೆಂದೇ ಕೂತವನು, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಎರಡು ಕಡೆಯ ಮತ ಸಮ ಬಿದ್ದಾಗ ಇಂಗ್ಲೆಂಡಿನವನಿಗೆ ಒಂದು ಮತ ಉಂಟು. ಆದರೆ ಅದನ್ನು ಅವನು ತನಗೆ ಬೇಕಾದ ಕಡೆ ಹಾಕುವುದಿಲ್ಲ, ಇದ್ದದ್ದನ್ನು ಇದ್ದಂತೆ ಉಳಿಸುವ ಕಡೆಗೆ ಹಾಕುತ್ತಾನೆ. ಬದಲಾವಣೆ ಬೇಕಿದ್ದರೆ ಸಭೆ ತಾನೇ ಬಹುಮತದಿಂದ ಮಾಡಿಕೊಳ್ಳಲಿ, ಒಬ್ಬನ ಕೈಯಿಂದ ಆಗಬಾರದು ಎಂದು.

"ನಮ್ಮ ದೇಶದಾಗ ಹೆಂಗ್ರಿ, ಸರ್?" ಎಂದು ನಾನು ಕೇಳಿದ್ದೆ.

"ನಮ್ಮಲ್ಲೂ ಆ ಒಂದು ಮತ ಕೊಟ್ಟಾರ. ಹೆಂಗ ಹಾಕಬೇಕು ಅನ್ನೂದು ಎಲ್ಲೂ ಬರದಿಟ್ಟಿಲ್ಲ. ಕುರ್ಚಿ ವಾರ್ನಿಷ್ ಇನ್ನೂ ಹಸೀ ಅದ. ಮೊದಲು ಕೂತಾವ್ರು ಹೆಂಗ ಕೂಡ್ತಾರ, ಮುಂದಿನವ್ರೂ ಹಂಗ ಕೂಡ್ತಾರ."

"ಈ ಮೂರರಾಗ ಯಾವುದು ಚಲೋರಿ?"

ಕನ್ನಡಕ ಜೇಬಿಗೆ ಹೋಯಿತು. "ಅದನ್ನ ನಾ ಹೇಳಿದ್ರ ನೀ ಬರಕೊಂಡು ಹೋಗಿ ಪರೀಕ್ಷಾದಾಗ ಇಳಸ್ತಿ. ನೀನ ವಿಚಾರ ಮಾಡು."

ಅವರ ಹತ್ತಿರ ಉತ್ತರ ಇದ್ದೇ ಇತ್ತು ಎನ್ನುವುದು ನನಗೆ ಆಗಲೇ ಗೊತ್ತಿತ್ತು. ಅದನ್ನು ಕೊಡದೆ ಹಿಡಿದಿಟ್ಟುಕೊಳ್ಳುವ ಆ ಸ್ವಭಾವ ನನ್ನನ್ನು ಎಷ್ಟು ಕೆಣಕುತ್ತಿತ್ತೆಂದು ಹೇಳಲಾರೆ.

ಮನೆಯಲ್ಲೂ ಹಾಗೆಯೇ. ಅವರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಒಮ್ಮೆ ನಳದ ನೀರಿಗಾಗಿ ಕಾಕುವಿಗೂ ಕೆಳಗಿನ ಮನೆಯಾಕೆಗೂ ಜಗಳವಾಯಿತು. ಕಾಕು ತುಂಬಿದ್ದ ಕೊಡವನ್ನು ಆಕೆ ಬಗ್ಗಿಸಿ ಚೆಲ್ಲಿದ್ದನ್ನು ನಾಲ್ಕು ಜನ ನೋಡಿದ್ದರು. ಪ್ರೊಫೆಸರು ಮೆಟ್ಟಿಲ ಮೇಲೆ ನಿಂತು, ಕನ್ನಡಕ ತೆಗೆದು, ಇಬ್ಬರದನ್ನೂ ಕೇಳಿ, "ಇಬ್ಬರ ಮಾತಿನಾಗೂ ಅರ್ಥ ಅದ" ಎಂದು ಹೇಳಿ ಲೋಕಲ್ ರೈಲು ಹಿಡಿಯಲು ಹೋದರು. ಕಾಕು ನನ್ನ ಮುಂದೆ ಹಣೆ ಚಚ್ಚಿಕೊಂಡಳು. "ನೋಡವಾ, ಊರಿಗೆಲ್ಲಾ ನ್ಯಾಯಾಧೀಶರು. ತಾಳಿ ಕಟ್ಟಿದಾಕಿಗೆ ಒಬ್ಬ ವಕೀಲನೂ ಇಲ್ಲ."

ಆಗ ನಾನು ನಕ್ಕೆ. ನಗು ನಿಂತದ್ದು ಸಂಘದ ವಾರ್ಷಿಕ ಸಭೆಯ ದಿನ.

ಸಂಘದಲ್ಲಿ ಒಂದು ವಾಚನಾಲಯವಿತ್ತು. ಎರಡು ಬೆಂಚು, ಒಂದು ಉದ್ದನೆಯ ಮೇಜು, ಊರಿನಿಂದ ತಡವಾಗಿ ಬರುವ ಪತ್ರಿಕೆಗಳು, ಮೂರು ಕಪಾಟು ಪುಸ್ತಕ. ಹೆಂಗಸರು ಸದಸ್ಯರಾಗುವ ಹಾಗಿರಲಿಲ್ಲ. ಹಬ್ಬದ ಕಾರ್ಯಕ್ರಮಗಳಿಗೆ, ವಾರ್ಷಿಕ ಸಭೆಗೆ ಮನೆಯವರ ಜೊತೆ ಬಂದು ಹಿಂದೆ ಕೂರಬಹುದಿತ್ತು, ಅಷ್ಟೇ. ಆಗ ನಾನು ಎಂ.ಎ.ಗೆ ಓದುತ್ತಿದ್ದೆ. ನಮ್ಮದು ಒಂದೂವರೆ ಖೋಲಿಯ ಮನೆ. ಅಪ್ಪ ಬ್ಯಾಂಕಿನಿಂದ ಬಂದ ಮೇಲೆ, ತಮ್ಮಂದಿರು ಮಲಗುವ ತನಕ, ಪುಸ್ತಕ ಬಿಚ್ಚುವುದಕ್ಕೆ ಜಾಗವಿರಲಿಲ್ಲ. ಪಕ್ಕದ ಖೋಲಿಯಲ್ಲಿ ಬಿಜಾಪುರದ ಕಡೆಯ ಒಬ್ಬಳು ವಿಧವೆ ಮೈದುನನ ಮನೆಯಲ್ಲಿದ್ದಳು, ನನಗಿಂತ ಸ್ವಲ್ಪ ದೊಡ್ಡವಳು. ಮನೆಯಲ್ಲೇ ಓದಿ ಮ್ಯಾಟ್ರಿಕ್ಕಿಗೆ ಕೂರಬೇಕೆಂದು ಆಕೆಗೆ ಬಹಳ ಆಸೆ. ಮನೆಯಲ್ಲಿ ಪುಸ್ತಕ ಕಂಡರೆ ಕೆಲಸ ಹೇಳುತ್ತಿದ್ದರು. ವಾಚನಾಲಯ ಸಿಕ್ಕಿದರೆ ನಾನು ಕಲಿಸುತ್ತೇನೆಂದು ಮಾತು ಕೊಟ್ಟಿದ್ದೆ.

ಹೆಂಗಸರಿಗೂ ಸ್ವಂತ ಹೆಸರಿನಲ್ಲಿ ಸದಸ್ಯತ್ವ ಕೊಡಬೇಕೆಂಬ ಠರಾವನ್ನು ಅಪ್ಪ ಮಂಡಿಸಿದರು. ಅದನ್ನು ಬರೆದವಳು ನಾನು. ಸಭೆಗೆ ಮುಂಚೆ ಪ್ರೊಫೆಸರ ಮನೆಗೆ ಹೋಗಿ, ಪಕ್ಕದ ಖೋಲಿಯವಳ ವಿಷಯವನ್ನೂ ತಿಳಿಸಿ, ಯಾರಿಗಾದರೂ ಒಂದು ಮಾತು ಹೇಳಿರಿ ಎಂದು ಕೇಳಿಕೊಂಡೆ. "ಕುರ್ಚಿ ಮ್ಯಾಲೆ ಕೂಡಾವ ನಾನು. ಬಾಯಿ ಬಿಡೂ ಹಂಗಿಲ್ಲ" ಎಂದರು. ಒಳಗಿನಿಂದ ಕಾಕು, "ಚಹಾ ಬೇಕಂತನೂ ಬಾಯಿ ಬಿಡಬ್ಯಾಡ್ರಿ ಹಂಗಾರ" ಎಂದಳು.

ವಿರೋಧಿಸಿದವರು ದಾದರಿನಲ್ಲೇ ಉಡುಪಿ ಹೋಟೆಲು ನಡೆಸುತ್ತಿದ್ದ ಯಜಮಾನರು. ಅವರ ಮಾತು ಅಡ್ಡಾದಿಡ್ಡಿಯಾಗಿರಲಿಲ್ಲ. "ಅಲ್ಲ ಮಾರಾಯ್ರೆ, ನಮ್ಮ ಹೋಟೆಲಿನ ಜನಕ್ಕೆ ಮಧ್ಯಾಹ್ನ ಸ್ವಲ್ಪ ಹೊತ್ತು ಬಿಡುವು. ಅವರಿಗೆ ಈ ಬೊಂಬಾಯಿಯಲ್ಲಿ ಕೂತ್ಕೊಳ್ಳುವ ಜಾಗ ಅಂತ ಇರುದು ಇದೊಂದೇ. ಹೆಂಗಸರು ಬಂದ್ರೆ ಬನಿಯನ್ ಹಾಕ್ಕೊಂಡು ಬಂದವ ಬಾಗಿಲಲ್ಲೇ ತಿರುಗಿ ಹೋಗ್ತಾನೆ. ಮತ್ತೆ ಅವ ಎಲ್ಲಿಗೆ ಹೋಗುದು? ಹೇಳಿ."

ಕೈ ಎತ್ತಿಸಿದರು. ಕಾರ್ಯದರ್ಶಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಎರಡೂ ಕಡೆ ಸಮ.

ಹಿಂದಿನ ಸಾಲಿನಲ್ಲಿ ಕಾಕುವಿನ ಪಕ್ಕ ಕೂತಿದ್ದ ನಾನು ಗೆದ್ದೆವೆಂದೇ ಎಣಿಸಿದೆ. ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ತಿಳಿಯದೆ? ಕಾಲೇಜಿನ ಗ್ರಂಥಾಲಯದಲ್ಲಿ ಹುಡುಗಿಯರಿಗೆ ಬೇರೆ ಮೇಜು ಹಾಕಿಸಲು ಪ್ರಿನ್ಸಿಪಾಲರೊಡನೆ ಕಾದಾಡಿದವರು ಅವರೇ. ಅವರು ಎದ್ದು ನಿಂತು, ಕನ್ನಡಕ ಹಾಕಿಕೊಂಡು, ಸಮವಾದಾಗ ಅಧ್ಯಕ್ಷರಿಗೆ ಒಂದು ಮತವಿದೆಯೆಂಬ ನಿಯಮವನ್ನು ಓದಿದರು. ಆಮೇಲೆ ಹೇಳಿದರು: "ನನ್ನ ಮತ ಠರಾವಿನ ವಿರುದ್ಧ. ಇದ್ದದ್ದು ಇದ್ದಂಗ ಇರತದ. ಬರೂ ವರ್ಷ ಸಭಾ ತಾನ ವಿಚಾರ ಮಾಡಲಿ."

ಹೋಟೆಲ್ ಯಜಮಾನರಿಗೇ ಆಶ್ಚರ್ಯವಾಗಿತ್ತು. "ಎಂತದು ಪ್ರೊಫೆಸರ್ರೆ, ನೀವು ನಮ್ಮ ಕಡೆಯಾ?"

"ನಾ ಯಾರ ಕಡೀನೂ ಅಲ್ಲ."

"ಇದೇನು ಲಂಡನ್ನಿನ ಪಾರ್ಲಿಮೆಂಟಾ?" ಎಂದು ಯಜಮಾನರು ನಕ್ಕರು. ಎಲ್ಲರೂ ನಕ್ಕರು. ನಾನು ಮಾತ್ರ ಮೆಟ್ಟಿಲ ಹತ್ತಿರ ಅವರಿಗಾಗಿ ಕಾದು ನಿಂತೆ.

"ಸರ್, ಇದು ನ್ಯಾಯ ಏನ್ರಿ? ಎರಡು ಬೆಂಚಿನ ಸಂಘ ಇದು. ಇಲ್ಲಿ ಯಾವ ಸಾಮ್ರಾಜ್ಯ ಮುಳಗ್ತಿತ್ತರಿ?"

"ಸಣ್ಣ ಕುರ್ಚಿ ಮ್ಯಾಲೆ ನೆಟ್ಟಗ ಕೂಡಲಿಕ್ಕೆ ಬರದವ ದೊಡ್ಡದರ ಮ್ಯಾಲೆ ಹೆಂಗ ಕೂಡ್ತಾನ?" ಎಂದರು. ಆಮೇಲೆ, "ನಿನಗ ಓದಲಿಕ್ಕೆ ಜಾಗಾ ಬೇಕು. ನಮ್ಮ ಮನ್ಯಾಗ ನನ್ನ ಟೇಬಲ್ ಅದ. ನಾಳಿಂದ ಬಾ."

"ಟೇಬಲ್ ನನಗಾತು. ಉಳಿದವ್ರಿಗೆ?"

ಕನ್ನಡಕ ತೆಗೆದರು. ಗೋಡೆ ಹಿಡಿದು ಮೆಟ್ಟಿಲಿಳಿದರು.

ಮರುದಿನದಿಂದ ಹೋದೆ. ಬೇರೆ ದಾರಿಯಿರಲಿಲ್ಲ. ಅವರು ತಮ್ಮ ಕಾಗದಗಳನ್ನೆಲ್ಲ ಅಡುಗೆಮನೆಯ ಮಣೆಗೆ ಸಾಗಿಸಿಕೊಂಡು, ಅಲ್ಲೇ ಒಗ್ಗರಣೆಯ ಹೊಗೆಯಲ್ಲಿ ಕೆಮ್ಮುತ್ತ ಉತ್ತರಪತ್ರಿಕೆ ತಿದ್ದುತ್ತಿದ್ದರು. ಆ ಉಪಕಾರವೂ ನನ್ನ ಸಿಟ್ಟನ್ನು ಇಳಿಸಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಪಕ್ಕದ ಖೋಲಿಯವಳನ್ನು ಊರಿಗೆ ಕಳಿಸಿಬಿಟ್ಟರು. ಹೋಗುವ ದಿನ ಆಕೆ ನನ್ನ ವ್ಯಾಕರಣ ಪುಸ್ತಕವನ್ನು ಹಿಂದಿರುಗಿಸಿದಳು. ಹಳೆಯ ಸೀರೆಯ ತುಂಡಿನಿಂದ ಅದಕ್ಕೆ ಹೊದಿಕೆ ಹೊಲಿದಿದ್ದಳು. ನಾನು ಅದನ್ನು ಹಾಗೆಯೇ ತಂದು ಪ್ರೊಫೆಸರ ಮೇಜಿನ ಮೇಲಿಟ್ಟೆ. "ಆಕಿ ಹೋದಳ್ರಿ" ಎಂದೆ. ಅವರು ಹೊದಿಕೆಯ ಹೊಲಿಗೆಯ ಮೇಲೆ ಬೆರಳಾಡಿಸಿ ಅಡುಗೆಮನೆಗೆ ಹೋದರು.

ಮುಂದಿನ ವಾರ್ಷಿಕ ಸಭೆ ಹತ್ತಿರ ಬಂದಾಗ ಅವರು ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟರು. ಯಾರಿಗೂ ಕಾರಣ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಕುರ್ಚಿ ಬಿಟ್ಟ ಮರುದಿನದಿಂದಲೇ ಅವರು ದಿನವೂ ಕಾಲೇಜು ಮುಗಿಸಿ ಹೋಟೆಲ್ ಯಜಮಾನರ ಎದುರು ಹೋಗಿ ಕೂತು ವಾದಿಸತೊಡಗಿದ್ದರು. ಯಜಮಾನರು ಸಭೆಯಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಒಂದು ಕಾಫಿ ತಗೊಂಡು ಸಂಜೆವರೆಗೆ ತಲೆ ತಿಂತಾರೆ ಮಾರಾಯ್ರೆ. ನಾನು ಒಪ್ಪದಿದ್ರೆ ಆ ಟೇಬಲ್ ನನಗೆ ವಾಪಸು ಸಿಕ್ಕುದಿಲ್ಲ." ಮಧ್ಯಾಹ್ನದ ಹೊತ್ತು ಹೋಟೆಲಿನವರಿಗೆ, ಸಂಜೆ ಹೆಂಗಸರಿಗೆ ಎಂದು ಇಬ್ಬರೂ ಕೂತು ಗೊತ್ತು ಮಾಡಿದ್ದರು.

ಆ ಸಭೆಯಲ್ಲಿ ಪ್ರೊಫೆಸರು ಮೊದಲ ಬಾರಿಗೆ ಕೆಳಗಿನ ಬೆಂಚಿನಿಂದ ಎದ್ದು ಒಂದು ಪಕ್ಷ ಹಿಡಿದು ಮಾತಾಡಿದರು. ಚೆನ್ನಾಗಿ ಮಾತಾಡಲಿಲ್ಲ. ತಡವರಿಸಿದರು, ಇಂಗ್ಲಿಷಿಗೆ ಜಾರಿದರು, ತಮ್ಮ ವಾದಕ್ಕೆ ತಾವೇ ಎರಡು ಆಕ್ಷೇಪಗಳನ್ನು ಎತ್ತಿ ಒಂದಕ್ಕೆ ಉತ್ತರ ಮರೆತರು. ಠರಾವು ದೊಡ್ಡ ಬಹುಮತದಿಂದ ಪಾಸಾಯಿತು. ಯಜಮಾನರನ್ನೇ ಹೊಸ ಅಧ್ಯಕ್ಷರನ್ನಾಗಿ ಆರಿಸಿದರು.

ನನಗೆ ಸಂತೋಷವಾಗಬೇಕಿತ್ತು. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಇದನ್ನೇ ಹಿಂದಿನ ವರ್ಷ ಮಾಡಬಹುದಿತ್ತು. ಒಂದು ಕೈ, ಒಂದು ಮಾತು.

ಅವರು ಕಾಯಿಲೆ ಬಿದ್ದಾಗ ನಾನು ಲೆಕ್ಚರರ್ ಆಗಿ ದೂರದ ಬೊರಿವಲಿಯಿಂದ ಓಡಾಡುತ್ತಿದ್ದೆ. ನೋಡಲು ಹೋದ ಕೊನೆಯ ಸಂಜೆ ಅವರು ದಿಂಬಿಗೆ ಒರಗಿ ಕೂತಿದ್ದರು. ನಾನೇನೂ ಎತ್ತಿರಲಿಲ್ಲ. ಅವರೇ ಕೇಳಿದರು:

"ಆಕಿ... ನಿಮ್ಮ ಪಕ್ಕದ ಖೋಲಿಯಾಕಿ. ಮ್ಯಾಟ್ರಿಕ್ ಆತೇನು?"

"ಗೊತ್ತಿಲ್ರಿ, ಸರ್."

ಅಂದು ಅವರು ಕನ್ನಡಕ ತೆಗೆಯಲಿಲ್ಲ. ಹಾಕಿಕೊಂಡೇ ಇದ್ದು, ಬಹಳ ಹೊತ್ತು ನನ್ನ ಮುಖವನ್ನು ನೋಡಿದರು.

ಅವರು ತೀರಿಕೊಂಡ ಮೇಲೆ ಸಂಘದಲ್ಲಿ ಸಭೆ ಸೇರಿತು. ವಾಚನಾಲಯಕ್ಕೆ ಅವರ ಹೆಸರಿಡಬೇಕೆಂದು ಯಜಮಾನರೇ ಠರಾವು ತಂದರು. "ಠರಾವು ನನ್ನದು, ಹಾಗಾಗಿ ನಾನು ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಇದ್ದಿದ್ರೆ ಅವರೇ ಎಬ್ಬಿಸ್ತಿದ್ರು" ಎಂದು ಕೆಳಗಿಳಿದು ಬಂದು, ಅಷ್ಟರಲ್ಲಿ ಉಪಾಧ್ಯಕ್ಷೆಯಾಗಿದ್ದ ನನ್ನನ್ನು ಕೂರಿಸಿದರು. ಯಾರ ಹೆಸರನ್ನೂ ಇಡದೆ ನಡೆದುಬಂದ ಸಂಘ ಇದು, ಇಂದು ಒಬ್ಬರಿಗೆ ಇಟ್ಟರೆ ನಾಳೆ ಹಣ ಕೊಟ್ಟವರೆಲ್ಲ ಕೇಳುತ್ತಾರೆ ಎಂದು ಕೆಲವರು ಎದ್ದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಕೈ ಎತ್ತಿಸಬೇಕಾಯಿತು.

ಕಾರ್ಯದರ್ಶಿ ಎರಡು ಸಲ ಎಣಿಸಿ ನನ್ನ ಕಡೆ ನೋಡಿದಾಗಲೇ ನನಗೆ ತಿಳಿಯಿತು, ಮತ್ತೆ ಸಮ.

ಮುಂದಿನ ಸಾಲಿನಲ್ಲಿ ಕಾಕು ಕೂತಿದ್ದಳು. ಆ ಗೋಡೆಯ ಮೇಲೆ ಅವರ ಹೆಸರನ್ನು ನೋಡಬೇಕೆಂದು ಆ ಕೋಣೆಯಲ್ಲಿ ನನಗಿಂತ ಹೆಚ್ಚು ಯಾರೂ ಬಯಸಿರಲಿಲ್ಲ. ಅವರ ಮೇಲೆ ಇಷ್ಟು ವರ್ಷ ಸಿಟ್ಟು ಹೊತ್ತವಳೂ ಆ ಕೋಣೆಯಲ್ಲಿ ನಾನೊಬ್ಬಳೇ. ನನಗೆ ಕನ್ನಡಕವಿಲ್ಲ. ಕಣ್ಣು ಮುಚ್ಚಿಕೊಂಡೆ. "ನನ್ನ ಮತ ಠರಾವಿನ ವಿರುದ್ಧ" ಎಂದೆ.

ವಾಚನಾಲಯಕ್ಕೆ ಇಂದಿಗೂ ಹೆಸರಿಲ್ಲ. ಇಲ್ಲಿಯೂ ನಾನು ಅವರ ಹೆಸರನ್ನು ಬರೆದಿಲ್ಲ.

ಸಭೆ ಮುಗಿದು ಕೆಳಗಿಳಿಯುವಾಗ ಕಾಕು ನನ್ನ ತೋಳು ಹಿಡಿದುಕೊಂಡಳು. ಬೈಯುತ್ತಾಳೆಂದೇ ಎಣಿಸಿದೆ. ಅರ್ಧದಷ್ಟು ಮೆಟ್ಟಿಲುಗಳನ್ನು ಇಳಿದ ಮೇಲೆ, ನಿಂತು ಉಸಿರು ಎಳೆದುಕೊಂಡು ಹೇಳಿದಳು:

"ಅಯ್ಯ, ಹುಚ್ಚೀ. ಒಬ್ಬರ ಜೋಡಿ ಬಾಳೇ ಮಾಡೂದು ನನಗ ಸಾಕಾಗಿತ್ತು. ಈಗ ನೀ ಒಬ್ಬಾಕಿ ಹುಟ್ಟಿದಿ."